ಮಾತ್ರೆಗೂ ಒಪ್ಪತ್ತು

ಮದುವೆಯಾದ ವರ್ಷದ ಆಷಾಢಕ್ಕೆ ನನ್ನ ಅಕ್ಕನ ಮಗಳು ಗಂಡನ ಮನೆಯಿಂದ, ಅಂದರೆ ಆಯನೂರಿನಿಂದ, ಭದ್ರಾವತಿಯ ತವರಿಗೆ ಬಂದಳು. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಅಳಿಯನೂ ಅತ್ತೆ ಮನೆಯ ಹೊಸಿಲು ತುಳಿಯಬಾರದು ಎಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹುಡುಗಿಯರು ಆ ಒಂದು ತಿಂಗಳು ಅಮ್ಮನ ಕೈಯಲ್ಲಿ ಮಾಡಿಸಿಕೊಂಡು ತಿಂದು, ಮಧ್ಯಾಹ್ನವೂ ಮಲಗಿ, ಶ್ರಾವಣಕ್ಕೆ ಮೈಕೈ ತುಂಬಿಕೊಂಡು ವಾಪಸ್ ಹೋಗುತ್ತಾರೆ. ಇವಳು ಅದಕ್ಕೆ ಬಂದಿರಲಿಲ್ಲ. ಬ್ಯಾಗಿನ ತಳದಲ್ಲಿ ಒಂದು ಖಾಲಿ ಪೌಡರ್ ಡಬ್ಬಿ, ಅದರೊಳಗೆ ಮಾತ್ರೆ. ಆ ಮಾತ್ರೆ ಬಿಡಲು ಬಂದಿದ್ದಳು.

ಅದು ಖಿನ್ನತೆಗೆ ಕೊಡುವ ಮಾತ್ರೆ. ಅವಳ ಅಪ್ಪ, ನನ್ನ ಭಾವ, ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದವರು. ಇವಳು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ತೀರಿಕೊಂಡರು. ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಇವಳು ಮಾತು ನಿಲ್ಲಿಸಿದಳು. ಊಟ ಬಿಟ್ಟಳು, ತಲೆ ಬಾಚುವುದು ಬಿಟ್ಟಳು, ಗೋಡೆ ಕಡೆ ಮುಖ ಮಾಡಿ ಮಲಗಿದರೆ ಯಾರು ಕರೆದರೂ ತಿರುಗುತ್ತಿರಲಿಲ್ಲ. ಒಂದು ದಿನ ಅಕ್ಕ ಫೋನ್ ಮಾಡಿ, "ಲೋ, ಇವಳು ನಾನೂ ಅಪ್ಪನ ಹತ್ರ ಹೋಗ್ತೀನಿ ಅಂತಿದಾಳೆ ಕಣೋ" ಎಂದಳು. ಆ ದಿನವೇ ಶಿವಮೊಗ್ಗಕ್ಕೆ ಕರೆಸಿಕೊಂಡು ಮನಸ್ಸಿನ ಡಾಕ್ಟರಿಗೆ ತೋರಿಸಿದೆ. ಮಾತ್ರೆ ಕೊಟ್ಟರು, ಕೂರಿಸಿ ಮಾತಾಡಿಸಿದರು. ಮೊದಲು ನಿದ್ದೆ ಬಂತು, ಆಮೇಲೆ ಹಸಿವು ಬಂತು, ಆಮೇಲೆ ಒಂದು ದಿನ ಸಾರಿಗೆ ಉಪ್ಪಿಲ್ಲ ಎಂದು ಅಮ್ಮನ ಹತ್ತಿರ ಜಗಳವಾಡಿದಳು. ಆ ಜಗಳದ ಸುದ್ದಿ ಕೇಳಿ ನಾನು ಅಂಗಡಿಯಲ್ಲಿ ಎಲ್ಲರಿಗೂ ಟೀ ಕುಡಿಸಿದ್ದೆ.

ನನ್ನದು ಶಿವಮೊಗ್ಗದಲ್ಲಿ ಬೈಕು ಸ್ಕೂಟರುಗಳ ಸೀಟು ಹೊಲಿಯುವ ಅಂಗಡಿ. ಶಾಲೆಯನ್ನು ಚಿಕ್ಕಂದಿನಲ್ಲೇ ಬಿಟ್ಟವನು, ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದೆ. ಆಗ ನನಗೆ ಬೀಜಗಣಿತ ಹೇಳಿಕೊಟ್ಟವಳು ಈ ಹುಡುಗಿಯೇ. "ಮಾವ, ಎಕ್ಸ್ ಅಂದ್ರೆ ಹೆದರ್ಕೋಬೇಡ, ಅದು ನಮಗಿನ್ನೂ ಗೊತ್ತಿಲ್ದೇ ಇರೋ ನಂಬರು ಅಷ್ಟೇ" ಎನ್ನುತ್ತಿದ್ದಳು. ಹಾಗಾಗಿ ಅವಳ ವಿಷಯ ಬಂದರೆ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ.

ಗುಣವಾಗಿ ಅವಳು ಭದ್ರಾವತಿಯಲ್ಲಿ ಯುಕೆಜಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ ಆಯನೂರಿನ ಸಂಬಂಧ ಬಂತು. ಹುಡುಗ ಸೋಗಾನೆಯ ಹೊಸ ವಿಮಾನ ನಿಲ್ದಾಣದಲ್ಲಿ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾನೆ. ಮಾತು ಕಡಿಮೆ, ಕೆಟ್ಟ ಚಟವಿಲ್ಲ. ಮಾತ್ರೆಯ ವಿಷಯ ಹೇಳುವುದೋ ಬೇಡವೋ ಎಂದು ನಾವು ನಮ್ಮಲ್ಲೇ ಮಾತಾಡಿಕೊಂಡೆವು. "ಹೇಗೂ ಒಂದಿನ ಬಿಡೋ ಮಾತ್ರೆ. ಅದಕ್ಯಾಕೆ ಈಗ ಬಾಯಿ ಬಿಡ್ಬೇಕು?" ಎಂದಳು ಅಕ್ಕ. ಯಾರೂ ಬಾಯಿ ಬಿಡಲಿಲ್ಲ. ಹಾಗಾಗಿ ಹೊಸ ಮದುವಣಗಿತ್ತಿ ಗಂಡನ ಮನೆಯಲ್ಲಿ ದಿನಾ ಬೆಳಿಗ್ಗೆ ಬಚ್ಚಲುಮನೆಗೆ ಹೋಗಿ, ಚಿಲಕ ಹಾಕಿಕೊಂಡು, ನಲ್ಲಿ ನೀರಲ್ಲಿ ಮಾತ್ರೆ ನುಂಗುತ್ತಿದ್ದಳು.

ಬಂದ ಮೊದಲ ಭಾನುವಾರ ನಾನು ಭದ್ರಾವತಿಗೆ ಹೋದಾಗ ಅವಳೇ ಹೇಳಿದಳು. "ಮಾವ, ಕದ್ದು ನುಂಗಿ ನುಂಗಿ ಸಾಕಾಯ್ತು. ಮನೇಲಿ ಯಾರಾದ್ರೂ ಪೌಡರ್ ಕೇಳಿದ್ರೆ ನನ್ನ ಎದೆ ಧಡ್ ಅನ್ನತ್ತೆ. ನಾನೀಗ ಚೆನ್ನಾಗಿದೀನಿ. ಇದನ್ನ ಬಿಡ್ತೀನಿ."

"ಬಿಡು. ಆದ್ರೆ ಡಾಕ್ಟ್ರನ್ನ ಕೇಳಿ ಬಿಡು" ಎಂದೆ. "ನಾಳೆ ಬಸ್ ಹತ್ತು, ಹೋಗ್ಬರೋಣ."

ಅಕ್ಕ ಒಳಗಿನಿಂದ ಸೌಟು ಹಿಡಿದೇ ಬಂದಳು. ಅವಳು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ನೂರಾರು ಮಕ್ಕಳನ್ನು ಗದರಿಸಿ ಗದರಿಸಿ ಅವಳ ಗಂಟಲೇ ಹಾಗಾಗಿದೆ. "ಬುದ್ಧಿ ಇದೆಯೇನೋ ನಿಂಗೆ? ಆಯನೂರಿನೋರು ಶಿವಮೊಗ್ಗಕ್ಕೆ ಬರದೇ ಇರೋ ದಿನ ಯಾವ್ದು? ತರಕಾರಿ ಬೀಜಕ್ಕೂ ಅಲ್ಲಿಗೇ ಬರ್ತಾರೆ. ಆ ಡಾಕ್ಟ್ರ ಬೋರ್ಡ್ ಕೆಳಗೆ ಬೆಂಚಲ್ಲಿ ಇವಳು ಕೂತಿರೋದನ್ನ ಒಬ್ಬ ನೋಡಿದ್ರೆ ಸಾಕು. ಇವಳು ಮನೆಗೆ ಬರೋಕ್ ಮುಂಚೆ ಸುದ್ದಿ ಆಯನೂರಿಗೆ ಹೋಗಿರತ್ತೆ."

"ಹಾಗಾದ್ರೆ ನಾನೇ ಹೋಗಿ ಕೇಳ್ಕೊಂಡು ಬರ್ತೀನಿ."

ಹೋದೆ. ಪೇಷಂಟ್ ಬರದೆ ಡಾಕ್ಟರು ಏನೂ ಹೇಳುವುದಿಲ್ಲ ಎಂದು ಬಾಗಿಲಲ್ಲಿದ್ದ ನರ್ಸಮ್ಮ ಹೇಳಿದರು. ಅದು ನ್ಯಾಯವೇ. ಅವರು ಒಂದು ಮಾತು ಮಾತ್ರ ಹೇಳಿದರು. "ನೋಡಿ, ಅವರಷ್ಟಕ್ಕೆ ಅವರು ಪಟ್ ಅಂತ ನಿಲ್ಸೋದು ಬೇಡ ಅಂತ ಹೇಳಿ." ನಾನು ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿ ಅದನ್ನೇ ಹೇಳಿದೆ. ಅಕ್ಕ, "ನಾನೇನು ಅಷ್ಟು ದಡ್ಡಿನಾ? ಪಟ್ ಅಂತ ಯಾರು ನಿಲ್ಲಿಸ್ತಾರೆ? ನಿಧಾನಕ್ಕೇ ಬಿಡಿಸ್ತೀನಿ" ಎಂದಳು.

ಅವಳ ನಿಧಾನ ಎಂಥದ್ದು ಎಂದು ನನಗೆ ಆಮೇಲೆ ತಿಳಿಯಿತು. ಅಕ್ಕ ಮದುವೆಗೆ ಮುಂಚಿನಿಂದಲೂ ಒಪ್ಪತ್ತು ಮಾಡುವವಳು. ಸೋಮವಾರ ಈಶ್ವರನಿಗೆ ಒಂದು ಹೊತ್ತಿನ ಊಟ ಬಿಡುತ್ತಾಳೆ, ಶನಿವಾರ ಆಂಜನೇಯನಿಗೆ ಬಿಡುತ್ತಾಳೆ. ಒಂದೊಂದು ಹೊತ್ತು ಬಿಟ್ಟರೆ ದೇಹಕ್ಕೆ ಅಭ್ಯಾಸವಾಗುತ್ತದೆ ಎಂಬುದು ಅವಳು ತನ್ನ ಹೊಟ್ಟೆಯಿಂದಲೇ ಕಲಿತದ್ದು. ಅದನ್ನೇ ಮಗಳ ಮಾತ್ರೆಗೂ ಹಚ್ಚಿದಳು. ಸೋಮವಾರ ಮಾತ್ರೆ ಇಲ್ಲ. ಶನಿವಾರ ಮಾತ್ರೆ ಇಲ್ಲ. ಆಷಾಢ ಶುಕ್ರವಾರ ಅಮ್ಮನವರ ದಿನ, ಆವತ್ತೂ ಇಲ್ಲ. ಆಮೇಲೆ ಗುರುವಾರವನ್ನೂ ಸೇರಿಸಿದಳು. ಹೀಗೆ ಒಂದೊಂದು ದೇವರಿಗೆ ಒಂದೊಂದು ದಿನ ಬಿಟ್ಟುಕೊಡುತ್ತಾ ಹೋದರೆ ಆಷಾಢದ ಕೊನೆಯ ದಿನವಾದ ಭೀಮನ ಅಮಾವಾಸ್ಯೆಯ ಹೊತ್ತಿಗೆ ಎಲ್ಲ ವಾರವೂ ಮುಗಿದು, ಅಳಿಯ ಪಾದಪೂಜೆಗೆ ಬರುವಾಗ ಡಬ್ಬಿ ಖಾಲಿಯಾಗಿರುತ್ತದೆ ಎಂಬುದು ಅವಳ ಲೆಕ್ಕ. ಮಗಳೂ ಒಪ್ಪಿದ್ದಳು. ಅವಳಿಗೂ ಆಷಾಢ ಮುಗಿಯುವುದರೊಳಗೆ ಮುಗಿಸುವ ಅವಸರ.

ನಾನು ಎರಡನೇ ಸಲ ಹೋದಾಗ ಅಕ್ಕ ಗೇಟಿನಲ್ಲೇ ಕೈ ಹಿಡಿದು ಪಕ್ಕಕ್ಕೆ ಎಳೆದಳು. ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ.

"ಯಾರಿಗೂ ಹೇಳ್ಬೇಡ. ಇವಳಿಗೆ ತಲೆಸುತ್ತು. ಬೆಳಿಗ್ಗೆ ವಾಂತಿ ಬಂದಂಗಾಗತ್ತೆ. ಒಗ್ಗರಣೆ ವಾಸ್ನೆ ಆಗಲ್ಲ ಅಂತಾಳೆ."

"ಅಂದ್ರೆ?"

"ಅಂದ್ರೆ ಅಂತೆ! ಮೂರು ಮಕ್ಕಳ ತಂದೆ ನೀನು. ನೀನು ಅಜ್ಜ ಆಗ್ತೀಯ ಕಣೋ, ಅಜ್ಜ!"

ಒಳಗೆ ಹೋಗಿ ನೋಡಿದರೆ ಅವಳು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಒಂದು ದಿಂಬಿನ ಕವರಿಗೆ ಹಾಕಿ ಮಡಚಿಟ್ಟು, ಅದನ್ನೇ ಬಿಚ್ಚಿ ಮತ್ತೆ ಹಾಕಿದಳು. ನನ್ನನ್ನು ನೋಡಿ ನಕ್ಕಳು, ಎದ್ದು ನೀರು ಕೊಟ್ಟಳು, ಕೂತಳು, ಮತ್ತೆ ಎದ್ದಳು. ಹಿಂಬಾಗಿಲಿನವರೆಗೆ ಹೋಗಿ ಬಂದಳು. ಪಕ್ಕದ ಮನೆಯ ತಮಿಳು ಅಜ್ಜಿ ಕಾಂಪೌಂಡಿನ ಮೇಲಿಂದ, "ಏನಮ್ಮಾ, ಬೆಳಿಗ್ಗೆಯಿಂದ ಡ್ಯೂಟಿ ಮಾಡ್ತಿದೀಯ, ಶಿಫ್ಟ್ ಮುಗಿಲಿಲ್ವಾ?" ಎಂದು ಕೇಳಿದ್ದಕ್ಕೆ ಇವಳು ಒಮ್ಮೆಲೇ, "ನಿಮಗೇನ್ರೀ ಕಷ್ಟ?" ಎಂದು ಕಿರುಚಿದಳು. ಆ ಅಜ್ಜಿ ಇವಳನ್ನು ಎತ್ತಿ ಆಡಿಸಿದವಳು. ಅಜ್ಜಿಯ ಮುಖ ನೋಡಿ ಇವಳ ಕಣ್ಣಲ್ಲಿ ನೀರು ಬಂತು.

"ಬಾ, ಸೇತುವೆ ತನಕ ಹೋಗ್ಬರೋಣ" ಎಂದು ಕರೆದೆ. ದಾರಿಯಲ್ಲಿ ಅವಳು ತಲೆ ತಿರುಗಿಸುತ್ತಿರಲಿಲ್ಲ. ಪಕ್ಕಕ್ಕೆ ನೋಡಬೇಕಾದರೆ ಮೈಯನ್ನೇ ಪೂರ್ತಿ ತಿರುಗಿಸುತ್ತಿದ್ದಳು.

"ಕುತ್ತಿಗೆ ಹಿಡಿದಿದೆಯಾ?"

"ಇಲ್ಲ ಮಾವ. ಕಣ್ಣು ಪಕ್ಕಕ್ಕೆ ಹೊರಳಿಸಿದ್ರೆ ತಲೆಯೊಳಗೆ ಝುಂ ಅನ್ನತ್ತೆ. ಕರೆಂಟು ಹೊಡೆದಂಗೆ. ಒಂದು ಕ್ಷಣ, ಅಷ್ಟೇ. ಆಮೇಲೆ ಮತ್ತೆ ಬರತ್ತೆ. ನಿದ್ದೇಲಿ ಕೆಟ್ಟ ಕೆಟ್ಟ ಕನಸು. ನಿಂತ್ರೆ ಕೂರ್ಬೇಕು ಅನ್ಸತ್ತೆ, ಕೂತ್ರೆ ಓಡ್ಬೇಕು ಅನ್ಸತ್ತೆ."

"ಅಮ್ಮ ಬೇರೆ ಏನೋ ಹೇಳ್ತಾಳೆ."

"ಅದಲ್ಲ ಮಾವ. ನಾನೇ ಮೆಡಿಕಲ್ಲಿಂದ ಕಿಟ್ ತಂದು ನೋಡ್ದೆ. ಏನೂ ಇಲ್ಲ. ಅಮ್ಮಂಗೆ ತೋರಿಸಿದ್ರೆ, ಆ ಕಡ್ಡಿಗೇನು ಗೊತ್ತು, ಇನ್ನೊಂದು ವಾರ ಹೋಗ್ಲಿ ಅಂತಾಳೆ." ಆಮೇಲೆ ಒಪ್ಪತ್ತಿನ ಕತೆಯನ್ನೆಲ್ಲ ಹೇಳಿದಳು. ಈ ವಾರ ನಾಲ್ಕು ದಿನ ಬಿಟ್ಟಿದ್ದಳು.

ಸೇತುವೆಯ ಮೇಲೆ ಲಾರಿಗಳು ಹೋಗುತ್ತಿದ್ದವು. ಕೆಳಗೆ ಹೊಳೆ ಕೆಂಪಗೆ ತುಂಬಿತ್ತು. ನಾನು ಅವಳನ್ನು ರಸ್ತೆಯ ಕಡೆಗೆ ಬರುವಂತೆ ಮಾಡಿ, ಹೊಳೆಯ ಕಡೆ ನಾನು ನಡೆದೆ. ಯಾಕೆ ಹಾಗೆ ಮಾಡಿದೆ ಎಂದು ಅವಳಿಗೆ ಗೊತ್ತಾಯಿತು.

"ಮಾವ, ಹಾಗೆಲ್ಲ ಇಲ್ಲ" ಎಂದಳು. "ಅಪ್ಪ ಹೋದಾಗ ಇತ್ತಲ್ಲ, ಅದು ಬೇರೆ. ಇದು ಬೇರೆ. ಆದ್ರೆ ಅದೇ ವಾಪಸ್ ಬರ್ತಿದೆಯೇನೋ ಅಂತ ಭಯ ಆಗತ್ತೆ."

ನನಗೂ ಅದೇ ಭಯ. ಇದು ಮಾತ್ರೆ ಬಿಟ್ಟಿದ್ದರ ಕಾಟವೋ, ಹಳೆಯ ಕಾಯಿಲೆ ತಿರುಗಿ ಬಂದದ್ದೋ, ನಮ್ಮಿಬ್ಬರಿಗೂ ಹೇಳಲು ಬರುತ್ತಿರಲಿಲ್ಲ. ಆ ದಿನ ಶಿವಮೊಗ್ಗಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದೆ. ಕಂಡಕ್ಟರ್ ಎರಡು ಸಲ ಕೂರಿ ಎಂದ.

ಮರುದಿನ ಅಂಗಡಿ ತೆರೆದು ಒಂದು ಸೀಟಿನ ರೆಕ್ಸಿನ್ ಬಿಚ್ಚುತ್ತಿದ್ದೆ, ಅಷ್ಟರಲ್ಲಿ ಅಳಿಯನ ಸ್ಕೂಟರ್ ಬಂದು ನಿಂತಿತು. ಆಷಾಢವಾದ್ದರಿಂದ ಭದ್ರಾವತಿಗೆ ಹೋಗುವಂತಿಲ್ಲ. ಡ್ಯೂಟಿಗೆ ಹೋಗುವ ದಾರಿಯಲ್ಲಿ ನನ್ನ ಅಂಗಡಿಗೆ ಬರುವುದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ. ಅವನು ಬಂದು ಹೋಗುವುದೂ ಇತ್ತು.

"ಮಾವ, ಸೀಟು ಸ್ವಲ್ಪ ನೋಡ್ತೀರಾ?"

"ಸೀಟು ಚೆನ್ನಾಗೇ ಇದೆಯಲ್ರೀ ಅಳಿಯಂದ್ರೆ. ಹೋದ ತಿಂಗಳು ನಾನೇ ಹೊಲಿದಿದ್ದು."

ಅವನು ನಾಚಿ ನಕ್ಕ. ಹ್ಯಾಂಡಲಿಗೆ ನೇತುಹಾಕಿದ್ದ ಚೀಲ ತೆಗೆದು ನನ್ನ ಮೇಜಿನ ಮೇಲಿಟ್ಟ. ಉಪ್ಪಿನಕಾಯಿ ಭರಣಿ, ಹುಣಸೆ ತೊಕ್ಕು, ಕೋಡುಬಳೆ, ಒಂದು ಪೊಟ್ಟಣದಲ್ಲಿ ನೆಲ್ಲಿಕಾಯಿ. "ಅಮ್ಮ ಕೊಟ್ಟು ಕಳ್ಸಿದ್ರು. ಬಾಯಿಗೆ ರುಚಿ ಇರಲ್ಲ, ಹುಳಿ ಹುಳಿ ಬೇಕು ಅನ್ಸತ್ತೆ, ಅವಳಿಗೆ ತಲುಪಿಸ್ಬಿಡಿ ಅಂದ್ರು. ಮಾವ, ನಿಜಾನಾ? ಅವಳು ಫೋನಲ್ಲಿ ಏನೂ ಹೇಳ್ತಿಲ್ಲ. ಏನ್ ಕೇಳಿದ್ರೂ ಹ್ಞೂಂ, ಉಹ್ಞೂಂ ಅಷ್ಟೇ."

ಅಕ್ಕ ಬೀಗಿತ್ತಿಗೆ ಫೋನ್ ಮಾಡಿಬಿಟ್ಟಿದ್ದಳು. ನೇರವಾಗಿ ಹೇಳಿರಲಿಲ್ಲವಂತೆ, ಸ್ವಲ್ಪ ತಲೆಸುತ್ತು, ಸ್ವಲ್ಪ ವಾಂತಿ ಎಂದು ರಾಗ ಎಳೆದಿದ್ದಳು. ಅಷ್ಟು ಸಾಕಾಗಿತ್ತು.

ಅವನ ಮುಖ ನೋಡಿದರೆ ಹೇಳಿಬಿಡೋಣ ಅನಿಸಿತು. ಆದರೆ ಅದು ನಾನು ಹೇಳುವ ಮಾತಲ್ಲ, ಅವಳು ಹೇಳಬೇಕಾದದ್ದು. "ನಾಳೆ ಡ್ಯೂಟಿ ಮುಗಿಸ್ಕೊಂಡು ಇಲ್ಲಿಗೇ ಬನ್ನಿ. ಅವಳನ್ನ ಕರೆಸ್ತೀನಿ, ನೀವೇ ಕೇಳಿ" ಎಂದೆ. ಅವನು ಹೋದ ಮೇಲೆ ಅವಳಿಗೆ ಫೋನ್ ಮಾಡಿ ನೆಲ್ಲಿಕಾಯಿಯ ಸಂಗತಿ ಹೇಳಿದೆ. ನಾಳೆ ಅವನು ಅಂಗಡಿಗೆ ಬರುವಾಗ ನೀನೂ ಬಾ ಎಂದೆ.

"ಮಾವ, ಇನ್ನು ಮುಚ್ಚಿಡಕ್ಕೆ ಆಗಲ್ಲ ಅಲ್ವಾ?"

"ನಿಂಗೆ ಹೇಗೆ ಅನ್ಸತ್ತೋ ಹಾಗೆ ಮಗಾ. ನೀನು ಹೇಳೋದಾದ್ರೆ ನಾನು ಪಕ್ಕದಲ್ಲಿ ಇರ್ತೀನಿ."

"ಬರ್ತೀನಿ" ಎಂದಳು.

ಮಾರನೇ ದಿನ ಬೆಳಿಗ್ಗೆಯಿಂದ ನನಗೆ ಒಂದು ಹೊಲಿಗೆಯೂ ನೆಟ್ಟಗೆ ಬರಲಿಲ್ಲ. ಒಂದು ಬುಲೆಟ್ ಸೀಟಿಗೆ ತಪ್ಪು ಬಣ್ಣದ ದಾರ ಹಾಕಿ ಎಲ್ಲ ಬಿಚ್ಚಬೇಕಾಯಿತು. ಅವಳು ಅವನಿಗಿಂತ ಮುಂಚೆ ಬಂದಳು, ಫೋಮ್ ಶೀಟುಗಳ ಮಧ್ಯೆ ಸ್ಟೂಲಿನ ಮೇಲೆ ಕೂತು ದುಪಟ್ಟಾದ ಅಂಚನ್ನು ಸುತ್ತುತ್ತಾ, ಬಿಚ್ಚುತ್ತಾ ಇದ್ದಳು. ಅವನು ಬಂದ. ನಾನು ಟೀ ತರಲು ಎಂದು ಎದ್ದೆ. "ಮಾವ, ಕೂತ್ಕೋ" ಎಂದಳು. ಕೂತೆ.

"ನಾನು ಬಸುರಿ ಅಲ್ಲ" ಎಂದಳು ಅವನಿಗೆ. ಅಲ್ಲಿಂದ ಶುರುಮಾಡಿ ಹಿಂದಕ್ಕೆ ಹೋದಳು. ಅಪ್ಪ ಹೋದದ್ದು, ಗೋಡೆ ಕಡೆ ಮುಖ ಮಾಡಿ ಮಲಗಿದ್ದು, ಆವಾಗ ಏನೇನು ಮನಸ್ಸಿಗೆ ಬಂದಿತ್ತು ಎಂಬುದು, ಡಾಕ್ಟರು, ಮಾತ್ರೆ, ಪೌಡರ್ ಡಬ್ಬಿ, ಒಪ್ಪತ್ತು. ಎಲ್ಲೂ ಅಳಲಿಲ್ಲ. ಮಕ್ಕಳಿಗೆ ಪಾಠ ಹೇಳಿದ ಹಾಗೆ ಒಂದಾದ ಮೇಲೊಂದು ಹೇಳಿದಳು.

ಅವನು ನೆಲ ನೋಡುತ್ತಾ ಕೇಳಿಸಿಕೊಂಡ. ಕೊನೆಗೆ, "ನಿಮ್ಮನೇಲಿ ಎಲ್ರಿಗೂ ಗೊತ್ತಿತ್ತು. ನನಗೊಬ್ಬಂಗೆ ಗೊತ್ತಿರ್ಲಿಲ್ಲ" ಎಂದ. ಎದ್ದು ಹೊರಗೆ ಹೋದ. ಸ್ಕೂಟರಿಗೆ ಕೀ ಹಾಕಿದ್ದು ಕೇಳಿಸಿತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಲಿಲ್ಲ. ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ, ಹೋಗಲೂ ಇಲ್ಲ. ಎದುರಿನ ಪಂಚರ್ ಅಂಗಡಿಯವನು, "ಏನ್ ಭಾಯ್, ಗಾಳಿ ಹಾಕ್ಬೇಕಾ?" ಎಂದು ಕೇಳಿದ. "ಬೇಡ" ಎಂದದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಂದ.

"ಬಚ್ಚಲುಮನೆ ನಲ್ಲಿ ನೀರಲ್ಲಿ ನುಂಗ್ತಿದ್ಯಾ?"

"ಹೂಂ."

"ಅದು ಬೋರ್‌ವೆಲ್ ನೀರು ಮಾರಾಯ್ತಿ! ನಮ್ಮನೇಲಿ ಯಾರೂ ಅದನ್ನ ಕುಡಿಯಲ್ಲ. ಎಮ್ಮೇನೂ ಕುಡಿಯಲ್ಲ."

ಅವಳು ನಗುವುದೋ ಅಳುವುದೋ ಗೊತ್ತಾಗದೆ ಎರಡನ್ನೂ ಮಾಡಿದಳು. ಅವನು ನನ್ನ ಕಡೆ ತಿರುಗಿ, ಸಿಟ್ಟು ಇನ್ನೂ ಹೋಗಿರದ ದನಿಯಲ್ಲಿ, "ಆ ಡಾಕ್ಟ್ರು ಎಲ್ಲಿ ಕೂರ್ತಾರೆ ಮಾವ? ಈಗ ಇರ್ತಾರಾ?" ಎಂದ.

ಅಂದು ಡಾಕ್ಟರು ಸಿಗಲಿಲ್ಲ, ಮಾರನೇ ದಿನ ಸಿಕ್ಕರು. ಅಕ್ಕನನ್ನೂ ಕರೆಸಿದೆ. ಅಳಿಯ ಎದುರಿಗಿದ್ದಾನೆ ಎಂದು ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು, ಬೆಂಚಿನ ತುದಿಯಲ್ಲಿ ಗೋಡೆಗೆ ಅಂಟಿ ಕೂತಳು. ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬನೂ ಅವಳ ಕಣ್ಣಿಗೆ ಆಯನೂರಿನವನೇ.

ಡಾಕ್ಟರು ವಯಸ್ಸಾದ ಹೆಂಗಸು. ಎಲ್ಲವನ್ನೂ ಹುಡುಗಿಯ ಬಾಯಿಂದಲೇ ಕೇಳಿದರು. ನಾವು ಮಧ್ಯೆ ಬಾಯಿ ಹಾಕಿದರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. ಸಾಯಬೇಕು ಅನಿಸುತ್ತಿದೆಯಾ ಎಂದು ನೇರವಾಗಿಯೇ ಕೇಳಿದರು. ಅವಳು, "ಇಲ್ಲ ಮೇಡಂ, ಆವಾಗ ಇತ್ತು, ಈಗ ಇಲ್ಲ" ಎಂದಳು. ಹೀಗೆ ಮಧ್ಯೆ ಮಧ್ಯೆ ದಿನ ಬಿಟ್ಟು ತೆಗೆದುಕೊಳ್ಳಲು ಯಾರು ಹೇಳಿದರು ಎಂದು ಡಾಕ್ಟರು ಕೇಳಿದಾಗ ನಾವೆಲ್ಲ ಅಕ್ಕನನ್ನು ನೋಡಿದೆವು.

"ಒಪ್ಪತ್ತು ಮಾಡಿಸ್ದೆ ಮೇಡಂ" ಎಂದಳು ಅಕ್ಕ, ಸಣ್ಣ ದನಿಯಲ್ಲಿ. ಆ ದನಿಯನ್ನು ನಾನು ಮೊದಲ ಸಲ ಕೇಳಿದ್ದು.

ಡಾಕ್ಟರು ಬಯ್ಯಲಿಲ್ಲ. "ನಿಧಾನ ಮಾಡ್ಬೇಕು ಅನ್ನೋದು ನಿಮಗೆ ಹೊಳೀತಲ್ಲ, ಅದು ಸರಿ. ಆದ್ರೆ ನೀವು ಮಾಡಿದ್ದು ನಿಧಾನ ಅಲ್ಲಮ್ಮ. ಒಂದಿನ ಪೂರ್ತಿ, ಒಂದಿನ ಸೊನ್ನೆ. ತಲೆ ಪಾಪ ಏನ್ಮಾಡತ್ತೆ? ದಿನಾನೂ ತಗೋಬೇಕು, ತಗೊಳ್ಳೋದನ್ನ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ಬೇಕು" ಎಂದರು. ಝುಂ ಎನ್ನುವುದು, ತಲೆಸುತ್ತು, ವಾಂತಿ, ಸಿಟ್ಟು, ಕನಸು ಎಲ್ಲ ಮಾತ್ರೆ ಒಮ್ಮೆಲೇ ಕಮ್ಮಿಯಾದಾಗ ಬರುವಂಥದ್ದೇ ಎಂದರು. ಬಿಟ್ಟ ಕೆಲವೇ ದಿನದಲ್ಲಿ ಬಂದದ್ದರಿಂದ ಹಾಗೆ ಅನಿಸುತ್ತದೆ, ಹಳೆಯ ಕಾಯಿಲೆ ಬರುವುದಾದರೆ ಸಾಮಾನ್ಯವಾಗಿ ನಿಧಾನಕ್ಕೆ ಬರುತ್ತದೆ, ಆದರೂ ಗಮನ ಇಟ್ಟಿರಬೇಕು ಎಂದರು. ಈಗ ಮೊದಲಿನ ಹಾಗೆ ದಿನಾ ತೆಗೆದುಕೊಳ್ಳುವುದು. ಎಲ್ಲ ಶಾಂತವಾಗಲಿ. ಗಂಡನ ಮನೆಗೆ ಹೋಗಿ ಹೊಂದಿಕೊಂಡ ಮೇಲೆ ಕಮ್ಮಿ ಮಾಡಲು ಶುರು ಮಾಡುವುದು.

"ಎಷ್ಟು ದಿನಕ್ಕೆ ಮುಗಿಯತ್ತೆ ಮೇಡಂ? ಶ್ರಾವಣದೊಳಗೆ?" ಅಕ್ಕ ಕೇಳಿಯೇಬಿಟ್ಟಳು.

"ಯಾವ ಶ್ರಾವಣ ಅಂತ ಈಗಲೇ ಹೇಳಕ್ಕಾಗಲ್ಲ" ಎಂದು ಡಾಕ್ಟರು ನಕ್ಕರು. "ತಿಂಗಳುಗಟ್ಟಲೆ ಆಗ್ಬಹುದು. ಕೊನೇ ಚೂರು ಇದೆಯಲ್ಲ, ಅದೇ ಎಲ್ಲಕ್ಕಿಂತ ನಿಧಾನ. ಮಕ್ಕಳ ಯೋಚ್ನೆ ಇದ್ರೆ ಮುಂಚೆ ನನ್ನ ಹತ್ರ ಬಂದು ಮಾತಾಡಿ. ಆ ಭಯಕ್ಕೆ ಅರ್ಧ ದಾರೀಲಿ ನಿಲ್ಸೋದು ಬೇಡ."

ಅಳಿಯ ಒಂದೇ ಪ್ರಶ್ನೆ ಕೇಳಿದ. "ಮನೇಲಿ ನಾವು ಏನ್ ಮಾಡ್ಬೇಕು?"

"ನೋಡ್ಕೋಬೇಕು. ನಿದ್ದೆ, ಊಟ, ಮಾತು. ಕಾಯೋ ಪೊಲೀಸರ ಥರ ಅಲ್ಲ. ಏನಾದ್ರೂ ಬದಲಾದ್ರೆ ಅವಳನ್ನೇ ಕೇಳಿ. ಕೆಟ್ಟ ಯೋಚ್ನೆ ಬಂದ್ರೆ ಆವತ್ತೇ ಬನ್ನಿ, ಅಪಾಯಿಂಟ್‌ಮೆಂಟು ಗಿಪಾಯಿಂಟ್‌ಮೆಂಟು ನೋಡ್ಬೇಡಿ."

ಹೊರಗೆ ಬಂದ ಮೇಲೆ ಅಕ್ಕನಿಗೆ ಇನ್ನೊಂದು ಚಿಂತೆ ಹತ್ತಿತು. ಬೀಗಿತ್ತಿಗೆ ಏನು ಹೇಳುವುದು? "ನಾನೇ ಹೇಳ್ತೀನಿ" ಎಂದ ಅಳಿಯ. ಆ ಸಂಜೆ ಆಯನೂರಿನಲ್ಲಿ ಹೇಳಿದನಂತೆ. ಆಮೇಲೆ ಆ ಮನೆಯಿಂದ ಒಂದು ಫೋನೂ ಇಲ್ಲ. ಎರಡು ದಿನವಾಯಿತು, ನಾಲ್ಕು ದಿನವಾಯಿತು. ಅವಳ ತಲೆಯ ಝುಂ ಕಮ್ಮಿಯಾಗುತ್ತಾ ಬಂತು, ಊಟ ಸೇರುತ್ತಿತ್ತು, ಪಕ್ಕದ ಅಜ್ಜಿಯ ಹತ್ತಿರ ಹೋಗಿ ಕಾಲು ಹಿಡಿದು ಬಂದಳು. ಅಕ್ಕನಿಗೆ ಮಾತ್ರ ನೆಮ್ಮದಿಯಿಲ್ಲ. ನನಗೂ ಇಲ್ಲ. ಹುಚ್ಚಿಯನ್ನು ತಂದು ನಮ್ಮ ಹುಡುಗನ ಕೊರಳಿಗೆ ಕಟ್ಟಿದರು ಎಂದು ಒಂದು ಮಾತು ಬಂದರೆ ಅವಳು ಎಲ್ಲಿಗೆ ಹೋಗಿ ನಿಲ್ಲುತ್ತಾಳೆ? ಆ ಒಂದು ಮಾತು ಸಾಕು, ಯಾವ ಮಾತ್ರೆಯೂ ತಡೆಯಲಾರದು. ಅಂಗಡಿಯ ಮುಂದೆ ಸ್ಕೂಟರ್ ನಿಂತ ಸದ್ದಾದರೆ ತಲೆ ಎತ್ತಿ ನೋಡುತ್ತಿದ್ದೆ.

ಹೊಸಿಲಿನ ಕಟ್ಟು ಕಳೆದು, ಭೀಮನ ಅಮಾವಾಸ್ಯೆಗೆ ಅಳಿಯ ಭದ್ರಾವತಿಗೆ ಬಂದ. ಒಬ್ಬನೇ ಬಂದ. ಅವಳು ಪಾದಪೂಜೆ ಮಾಡಿದಳು, ಅವನು ಕಡುಬು ತಿಂದ. ಅಕ್ಕ ಬಾಗಿಲ ಸಂದಿಯಿಂದ ಅವನ ಮುಖ ನೋಡಿ ನೋಡಿ ಸುಸ್ತಾದಳು. ಊಟವಾದ ಮೇಲೆ ಅವನು ಫೋನ್ ಹಚ್ಚಿ ಅಕ್ಕನ ಕೈಗೆ ಕೊಟ್ಟ. ಸ್ಪೀಕರ್ ಹಾಕಿತ್ತು, ನನಗೂ ಕೇಳಿಸಿತು.

ಬೀಗಿತ್ತಿಯ ದನಿ ಗಡುಸಾಗಿತ್ತು. "ನೋಡಿ, ಮಾತ್ರೆ ತಗೋಳೋದಕ್ಕೆ ನಾನೇನೂ ಅನ್ನಲ್ಲ. ನಾನೂ ಬಿಪಿಗೆ ನುಂಗ್ತೀನಿ, ಇವರಪ್ಪ ಶುಗರಿಗೆ ನುಂಗ್ತಾರೆ. ನೀವು ಮದುವೆಗೆ ಮುಂಚೆ ಹೇಳ್ಳಿಲ್ಲ, ಅದು ಬೇಜಾರಾಯ್ತು. ಅದನ್ನೂ ಬಿಡಿ. ಬಸುರಿ ಅಂತ ಹೇಳಿದ್ರಲ್ಲ, ನಾನು ಬೀದಿ ತುಂಬ ಹೇಳ್ಬಿಟ್ಟೆ! ಈಗ ಬಾವಿ ಕಟ್ಟೆ ಹತ್ರ ಹೋಗಕ್ಕಾಗಲ್ಲ ನಂಗೆ. ಎಲ್ರೂ ಎಷ್ಟು ತಿಂಗ್ಳು, ಎಷ್ಟು ತಿಂಗ್ಳು ಅಂತಾರೆ."

ಅಕ್ಕ ಫೋನು ಹಿಡಿದುಕೊಂಡೇ ಕೂತುಬಿಟ್ಟಳು. "ತಪ್ಪಾಯ್ತು ಬೀಗ್ರೇ" ಎಂದಳು.

"ತಪ್ಪಾಯ್ತು ಅಂತೆ. ಆ ಉಪ್ಪಿನಕಾಯಿ ಭರಣಿ ತೊಳೆದು ಕಳ್ಸಿ" ಎಂದು ಅವರು ಫೋನ್ ಇಟ್ಟರು.

ಶ್ರಾವಣದಲ್ಲಿ ಅವಳು ಆಯನೂರಿಗೆ ಹೋದಳು. ಮಾತ್ರೆಯನ್ನು ಈಗ ದೇವರ ಮನೆಯ ಪಕ್ಕದ ಗೂಡಿನಲ್ಲಿ, ಅತ್ತೆ ಮಾವನ ಮಾತ್ರೆಗಳ ಜೊತೆಯಲ್ಲೇ ಇಡುತ್ತಾಳೆ. ಗಣಪತಿ ಹಬ್ಬ ಕಳೆದ ಮೇಲೆ ಡಾಕ್ಟರು ಮೊದಲ ಸಲ ಕಮ್ಮಿ ಮಾಡಿದರು. ಅಡಕೆ ಕತ್ತರಿಯಲ್ಲಿ ಮಾತ್ರೆಯನ್ನು ಸಮ ಹೋಳು ಮಾಡಿಕೊಡುತ್ತೇನೆ ಎಂದು ಅವಳ ಮಾವ ಹುರುಪಿನಿಂದ ಮುಂದೆ ಬಂದಿದ್ದರಂತೆ. ಡಾಕ್ಟರು ಬೇಡ ಎಂದು ಕಮ್ಮಿ ಪವರಿನ ಮಾತ್ರೆಯನ್ನೇ ಬರೆದುಕೊಟ್ಟರು. ಆ ಸಲ ಏನೂ ಆಗಲಿಲ್ಲ. ನಾನು ದಿನಾ ಫೋನ್ ಮಾಡುತ್ತಿದ್ದೆ. "ಮಾವ, ನೀನು ಫೋನ್ ಮಾಡಿ ಕೇಳಿದಾಗಲೇ ನಂಗೆ ತಲೆ ಝುಂ ಅನ್ನೋದು" ಎಂದಳು. ಅಲ್ಲಿಂದ ವಾರಕ್ಕೊಮ್ಮೆ ಮಾಡತೊಡಗಿದೆ. ಮಧ್ಯದ ದಿನಗಳಲ್ಲಿ ಫೋನನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೂ ಉಂಟು.

ದೀಪಾವಳಿ ಕಳೆದು ಎರಡನೇ ಸಲ ಕಮ್ಮಿ ಮಾಡಿದಾಗ ಸರಿಹೋಗಲಿಲ್ಲ. ನಿದ್ದೆ ಹೋಯಿತು, ಕಣ್ಣೀರು ಸುಮ್ಮಸುಮ್ಮನೆ ಬರುತ್ತಿತ್ತು. ಗಂಡನೇ ಕರೆದುಕೊಂಡು ಹೋದ. ಡಾಕ್ಟರು ಹಿಂದಿನ ಮೆಟ್ಟಿಲಿಗೇ ವಾಪಸ್ ಹತ್ತಿಸಿ, ಇನ್ನೂ ಸಣ್ಣ ಮೆಟ್ಟಿಲು ಮಾಡಿಕೊಂಡು ಇಳಿಯೋಣ ಎಂದರಂತೆ. ಅವಳಿಗೆ ಸೋತ ಹಾಗಾಗಿತ್ತು. "ಪರೀಕ್ಷೇಲಿ ಫೇಲಾದಂಗೆ ಅನ್ಸತ್ತೆ ಮಾವ" ಎಂದು ಫೋನಿನಲ್ಲಿ ಅತ್ತಳು. ನಾನು ಎರಡು ಸಲ ಫೇಲಾಗಿ ಪಾಸಾದವನು. ಅದನ್ನು ಹೇಳಿದೆ. "ನಿಂದು ಲೆಕ್ಕಕ್ಕಿಲ್ಲ, ನೀನು ಓದ್ತಾನೇ ಇರ್ಲಿಲ್ಲ" ಎಂದಳು. ದನಿಯಲ್ಲಿ ಸ್ವಲ್ಪ ನಗು ಇತ್ತು.

ಹೋದ ವಾರ ಮನಸ್ಸು ತಡೆಯದೆ ಆಯನೂರಿಗೇ ಹೋದೆ. ಸಣ್ಣ ಮೆಟ್ಟಿಲು ಶುರುವಾಗಿ ಸ್ವಲ್ಪ ದಿನವಾಗಿತ್ತು. ಬೀಗಿತ್ತಿ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಇವಳು ಒಳಗಿನಿಂದ ಬಂದವಳೇ, ಒಗೆದು ಒಣಹಾಕಿದ್ದ ತನ್ನ ಚೂಡಿದಾರದ ಮೇಲೆ ಯಾರೋ ಗೋಣಿಚೀಲ ಹರಡಿದ್ದಕ್ಕೆ ರೇಗಿದಳು. ಚೀಲವನ್ನು ಎಳೆದು ಎಸೆದಳು. "ಎಷ್ಟು ಸಲ ಹೇಳೋದು ಈ ಮನೇಲಿ!" ಎಂದಳು. ನನ್ನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ನಿದ್ದೆ ಬಂದಿದೆಯೋ, ಊಟ ಮಾಡಿದ್ದಾಳೋ, ಮತ್ತೆ ಶುರುವಾಯಿತೋ ಎಂದು ಅವಳ ಮುಖವನ್ನೇ ನೋಡಿದೆ.

ಬೀಗಿತ್ತಿ ಸುಲಿಯುವ ಕೈ ನಿಲ್ಲಿಸಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಏನೇ, ಈ ಸಿಟ್ಟು ಮಾತ್ರೆದಾ, ನಿಂದಾ?"

ಅವಳು ಸೊಂಟದ ಮೇಲೆ ಕೈಯಿಟ್ಟು ಒಂದು ಕ್ಷಣ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಮೈಯೊಳಗೆ ಹುಡುಕುವವಳ ಹಾಗೆ.

"ಇದು ನಂದೇ ಅತ್ತೆ."

"ಹಾಗಾದ್ರೆ ಸರಿ. ಆ ಚೀಲ ಎತ್ತಿ ಮಡಚಿಡು. ಹರಡಿದ್ದು ನಿನ್ನ ಗಂಡ, ಬಂದ ಮೇಲೆ ಅವನ ಹತ್ರ ಕೂಗಾಡು."

ಅವಳು ಚೀಲ ಎತ್ತಿಕೊಂಡು, ಇನ್ನೂ ಗೊಣಗುತ್ತಲೇ ಒಳಗೆ ಹೋದಳು. ನಾನು ಕಾಫಿ ಕುಡಿದೆ. ಆರಿಹೋಗಿತ್ತು.